ಮುಂಬೈ ಮ್ಯಾರಥಾನ್: ಅಪ್ಪ ಓಡ್ತಿದ್ದಾರೆ, ನಾವು ಎಲ್ಲಿ ನಿಂತರೆ ಸರಿ?

ತೀರ್ಥಹಳ್ಳಿ_ಮಗಳು (2025 ಜನವರಿ 7)

ನಮಸ್ಕಾರ. ಮುಂಬೈಯಲ್ಲಿರೋ ಕನ್ನಡದವರು, ಅಲ್ಲಿ ಮ್ಯಾರಥಾನ್ ಓಡಿದವರು ಯಾರಾದರೂ ಇದ್ದರೆ ದಯವಿಟ್ಟು ಸ್ವಲ್ಪ ದಾರಿ ಹೇಳಿ.

ಇದೇ 19ನೇ ತಾರೀಖು ಭಾನುವಾರ ನಮ್ಮಪ್ಪ ಅಲ್ಲಿ ಫುಲ್ ಓಡ್ತಿದ್ದಾರೆ, ಪೂರ್ತಿ 42.195 ಕಿಲೋಮೀಟರ್. ಅಪ್ಪಂಗೆ 58, ಹೈಸ್ಕೂಲ್ ಮೇಷ್ಟ್ರು. ಎಂಟು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗ ಡಾಕ್ಟರು ದಿನಾ ಒಂದು ಗಂಟೆ ನಡೀರಿ ಅಂದರು. ತುಂಗಾ ಸೇತುವೆ ತನಕ ಹೋಗಿ ಬರೋದು ಅಂತ ಶುರುವಾಗಿದ್ದು. ಈಗ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ತಲೆಗೆ ಟಾರ್ಚ್ ಕಟ್ಕೊಂಡು ಆಗುಂಬೆ ರಸ್ತೆಯಲ್ಲಿ ಓಡ್ತಾರೆ. ಬೆಂಗಳೂರಲ್ಲಿ ಎರಡು ಹಾಫ್ ಮುಗಿಸಿದ್ದಾರೆ. ಎರಡಕ್ಕೂ ಮನೆಯಿಂದ ಯಾರೂ ಹೋಗಿರಲಿಲ್ಲ. ಅದು ನಂಗೆ ಈಗಲೂ ಬೇಜಾರು.

ಈ ಸಲ ನಾನು, ಅಮ್ಮ, ಅಜ್ಜಿ, ನನ್ನ ನಾಲ್ಕು ವರ್ಷದ ಮಗ ಎಲ್ಲರೂ ಬರ್ತಿದ್ದೀವಿ. ಡೊಂಬಿವಲಿಯಲ್ಲಿ ಚಿಕ್ಕಮ್ಮನ ಮನೇಲಿ ಇಳ್ಕೊಳ್ತೀವಿ. ಅಜ್ಜಿಗೆ 79, ಕೋಲು ಹಿಡಿದು ನಡೀತಾರೆ, ತುಂಬ ಹೊತ್ತು ನಿಲ್ಲೋಕಾಗಲ್ಲ. ಆದರೆ "ನನ್ನ ಮಗ ಅಷ್ಟು ದೂರ ಓಡೋದನ್ನ ನೋಡದೆ ನಾನು ಮನೇಲಿ ಕೂರಲ್ಲ" ಅಂತ ಹಟ ಹಿಡಿದಿದ್ದಾರೆ. ಅಪ್ಪ ಮಾತ್ರ "ನೀವ್ಯಾರೂ ಬರೋದು ಬೇಡ, ನಾನೇ ಮಧ್ಯಾಹ್ನದ ಊಟಕ್ಕೆ ಬರ್ತೀನಿ" ಅಂತಿದ್ದಾರೆ.

ಅವರ ಲೆಕ್ಕ ಐದೂಕಾಲು ಗಂಟೆ. ಮುಗಿಯೋ ಜಾಗದಲ್ಲೇ ಹೋಗಿ ನಿಂತರೆ ಸಾಕಾ? ಅಲ್ಲಿ ಅಜ್ಜಿಗೆ ಕೂರೋಕೆ ಜಾಗ ಸಿಗುತ್ತಾ? ದಾರಿಯಲ್ಲಿ ಬೇರೆ ಎಲ್ಲಾದರೂ ನಿಲ್ಲಬಹುದಾ? ನಾನು ಮುಂಬೈಗೆ ಬಂದಿದ್ದು ಎಂಟನೇ ಕ್ಲಾಸಲ್ಲಿ ಒಂದೇ ಸಲ, ಏನೂ ನೆನಪಿಲ್ಲ.

ಮಾಟುಂಗಾದ_ಅಕ್ಕ (2025 ಜನವರಿ 7)

ತಂಗಿ, ನಿಮ್ಮ ಅಜ್ಜಿಯ ಮಾತು ಓದಿ ಕಣ್ಣು ತುಂಬಿತು. ಅವರನ್ನು ಖಂಡಿತ ಕರ್ಕೊಂಡು ಬನ್ನಿ. ಆದರೆ ಮುಗಿಯುವ ಜಾಗಕ್ಕೆ ಹೋಗಬೇಡಿ.

2012ರಲ್ಲಿ ನನ್ನ ಯಜಮಾನರು ಮೊದಲ ಸಲ ಫುಲ್ ಓಡಿದಾಗ ನಾನು ಅದನ್ನೇ ಮಾಡಿದ್ದು. ಬೆಳಿಗ್ಗೆ ಏಳೂವರೆಗೇ ಓಟ ಮುಗಿಯುವ ಸಿಎಸ್‌ಟಿ ರೈಲ್ವೆ ಸ್ಟೇಷನ್ ಹತ್ತಿರ ಹೋಗಿ ನಿಂತೆ. ಗೆರೆಯ ಹತ್ತಿರ ಪಾಸ್ ಇದ್ದವರಿಗೆ ಮಾತ್ರ ಜಾಗ. ಅತ್ತ ಡ್ರೀಮ್ ರನ್ ಎಂಬ ಮೋಜಿನ ಸಣ್ಣ ಓಟಕ್ಕೆ ಬಂದ ಸಾವಿರಾರು ಮಂದಿ, ವೇಷ ಹಾಕಿದವರು, ಬ್ಯಾನರ್ ಹಿಡಿದವರು. ಒಂದು ಬ್ಯಾರಿಕೇಡಿನಿಂದ ಇನ್ನೊಂದಕ್ಕೆ ಹೋಗಿ ಹೋಗಿ ಕೊನೆಗೆ ನನಗೆ ಕಂಡದ್ದು ಜನರ ಬೆನ್ನು ಮಾತ್ರ. ನಮ್ಮವರು ಯಾವಾಗ ಗೆರೆ ದಾಟಿದರು ಗೊತ್ತೇ ಆಗಲಿಲ್ಲ. ಹನ್ನೊಂದು ಗಂಟೆ ಮೇಲೆ ಆಜಾದ್ ಮೈದಾನದ ಹೊರಗೆ ಸಿಕ್ಕಿದರು, ಕೊರಳಲ್ಲಿ ಪದಕ, ಒಂದು ಕಾಲು ಎಳೀತಾ ಇದ್ದಾರೆ. ಟ್ಯಾಕ್ಸಿಯಲ್ಲಿ ಕೂತ ಮೇಲೆ ಹೇಳಿದರು: "ಪೆಡ್ಡರ್ ರೋಡಿನ ಏರಿನಲ್ಲಿ ಮೀನಖಂಡ ಹಿಡ್ಕೊಂಡು ಫುಟ್‌ಪಾತಿನಲ್ಲಿ ಕೂತುಬಿಟ್ಟಿದ್ದೆ. ಯಾರೋ ಗುಜರಾತಿ ಅಮ್ಮ ಮನೆಯಿಂದ ಐಸ್ ತಂದು ತಿಕ್ಕಿದರು. ಅವರು ಬಾರದಿದ್ದರೆ ನಾನು ಅಲ್ಲಿಂದಲೇ ಮನೆಗೆ ಬರ್ತಿದ್ದೆ."

ನನ್ನ ಗಂಡ ಕೂತ ಹೊತ್ತಿನಲ್ಲಿ ನಾನು ಏಳು ಕಿಲೋಮೀಟರ್ ಆಚೆ ಜನರ ಬೆನ್ನು ನೋಡ್ತಾ ನಿಂತಿದ್ದೆ. ಮರುವರ್ಷದಿಂದ ನಾನು ನಿಲ್ಲುವುದು ಆ ಏರಿನಲ್ಲೇ. ಅವರ ಮಂಡಿ ಹೋಗಿ ಓಟ ನಿಂತದ್ದು 2019ರಲ್ಲಿ. ಆಮೇಲೂ ನಾವಿಬ್ಬರೂ ಪ್ರತಿ ಜನವರಿ ಹೋಗ್ತೇವೆ. ಕೊರೊನಾದಿಂದ ಓಟವೇ ಇಲ್ಲದ 2021, 22 ಮಾತ್ರ ತಪ್ಪಿದ್ದು.

ಪೆಡ್ಡರ್ ರೋಡ್ ಅಂದರೆ ಏನು ಅಂತ ನಿಮಗೆ ತಿಳಿದಿರಬೇಕು. ಓಟ ಶುರುವಾಗುವುದು ಸಿಎಸ್‌ಎಂಟಿಯಿಂದ, ಅಂದರೆ ಅದೇ ಹಳೆಯ ಸಿಎಸ್‌ಟಿ. ಮರೀನ್ ಡ್ರೈವ್, ಚೌಪಾಟಿ, ಕೆಂಪ್ಸ್ ಕಾರ್ನರ್, ಪೆಡ್ಡರ್ ರೋಡ್, ಹಾಜಿ ಅಲಿ, ವರ್ಲಿ ದಾಟಿ ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್ ಹತ್ತಿ ಬಾಂದ್ರಾಕ್ಕೆ ಹೋಗ್ತಾರೆ. ತಿರುಗಿ ಮಾಹಿಮ್, ಶಿವಾಜಿ ಪಾರ್ಕ್, ಪ್ರಭಾದೇವಿ, ವರ್ಲಿ, ಮತ್ತೆ ಹಾಜಿ ಅಲಿ, ಮತ್ತೆ ಅದೇ ಪೆಡ್ಡರ್ ರೋಡ್. ಹೋಗುವಾಗ ಅದು ಎಂಟು ಒಂಬತ್ತನೇ ಕಿಲೋಮೀಟರ್, ಕತ್ತಲೆ, ತಂಪು, ಮಾತಾಡ್ತಾ ನಗ್ತಾ ಹೋಗ್ತಾರೆ. ಬರುವಾಗ ಸುಮಾರು 35ನೆಯದು. ಬಿಸಿಲು ಏರಿರುತ್ತದೆ, ಸಮುದ್ರದ ಸೆಕೆ ಬೇರೆ, ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಆಗ ಎದುರಿಗೆ ಏರು.

ಅಲ್ಲಿ ಬರುವವರ ಮುಖ ನೋಡಿದರೆ ನಿಮಗೇ ತಿಳೀತದೆ. ಕೆನ್ನೆ ಮೇಲೆ ಉಪ್ಪಿನ ಬಿಳಿ ಗೆರೆ. ಕಪ್ಪು ಬನಿಯನ್ ಹಾಕಿದವರ ಬೆನ್ನಲ್ಲಿ ಬೆವರು ಒಣಗಿ ನಕ್ಷೆ ಬಿಡಿಸಿದ ಹಾಗೆ. ಕಣ್ಣು ಎರಡು ಮಾರು ಮುಂದಿನ ಟಾರಿನ ಮೇಲೇ ಇರ್ತದೆ, ಆಚೀಚೆ ಹೋಗುವುದಿಲ್ಲ. ಬೂಟು ಎತ್ತಿ ಇಡುವ ಸದ್ದು ಇರುವುದಿಲ್ಲ, ಉಜ್ಜುವ ಸದ್ದು. ಎದೆಗೆ ಕಟ್ಟಿದ ಬಿಬ್, ಅಂದರೆ ನಂಬರಿನ ಚೀಟಿ, ಅದರ ಮೇಲೆ ಹೆಸರು ಇರ್ತದೆ. ಅದನ್ನು ಓದಿ ಗಟ್ಟಿಯಾಗಿ ಕರೆದರೆ ತಲೆ ಮೇಲೆತ್ತುತ್ತಾರೆ. ಹನ್ನೆರಡು ಸೆಕೆಂಡು, ಹದಿನೈದು ಸೆಕೆಂಡು ಅಷ್ಟೇ. ಆದರೆ ನಡೀತಿದ್ದವರು ಓಡ್ಲಿಕ್ಕೆ ಶುರು ಮಾಡುವುದನ್ನು ನಾನು ನೂರಾರು ಸಲ ನೋಡಿದ್ದೇನೆ. ಪರಿಚಯವೇ ಇಲ್ಲದ ನಾನು ಕರೆದರೇ ಹೀಗೆ. ಮಗಳು ಕರೆದರೆ ಹೇಗಿರಬಹುದು ಹೇಳಿ.

ಹಾಗಾಗಿ ನೀವು, ನೀವೊಬ್ಬರಾದರೂ, ಪೆಡ್ಡರ್ ರೋಡಿಗೆ ಬನ್ನಿ. ಡೊಂಬಿವಲಿಯಿಂದ ದಾದರ್, ಅಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿ ಸ್ಲೋ ಲೋಕಲ್‌ನಲ್ಲಿ ಗ್ರಾಂಟ್ ರೋಡ್. ಪಶ್ಚಿಮಕ್ಕೆ ಇಳಿದು ಕೆಂಪ್ಸ್ ಕಾರ್ನರ್ ತನಕ ಇಪ್ಪತ್ತು ನಿಮಿಷದ ನಡಿಗೆ. ಮ್ಯಾಪಿನಲ್ಲಿ ಡಾ. ಗೋಪಾಲರಾವ್ ದೇಶಮುಖ್ ಮಾರ್ಗ ಅಂತ ಇದ್ದರೆ ಗಾಬರಿ ಬೇಡ, ಅದೇ ಪೆಡ್ಡರ್ ರೋಡ್. ಜಸ್‌ಲೋಕ್ ಆಸ್ಪತ್ರೆ ದಾಟಿ ಮಹಾಲಕ್ಷ್ಮಿ ಕಡೆಗೆ ಸ್ವಲ್ಪ ಕೆಳಗೆ ಇಳಿಯಿರಿ. ಆಸ್ಪತ್ರೆ ಎದುರು ಓಡುವವರನ್ನು ಹುರಿದುಂಬಿಸಲಿಕ್ಕೆ ತಟ್ಟೆ ಬಡಿಯುವುದು ಬೇಡ, ಒಳಗೆ ರೋಗಿಗಳಿದ್ದಾರೆ. ಮತ್ತೆ ಏರಿನ ತುದಿಯಲ್ಲಿ ನಿಂತರೆ ಆಗಲೇ ಕಷ್ಟ ಮುಗಿದಿರ್ತದೆ. ನಡು ಏರಿನಲ್ಲಿ ನಿಲ್ಲಿ.

ಐದೂಕಾಲು ಗಂಟೆ ಅಂದರೆ ಕಿಲೋಮೀಟರಿಗೆ ಏಳೂವರೆ ನಿಮಿಷ. ಐದಕ್ಕೆ ಓಟ ಶುರುವಾದರೂ ಹಿಂದೆ ನಿಂತವರು ಗೆರೆ ದಾಟುವಾಗ ಹತ್ತು ನಿಮಿಷ ಹೋಗಿರ್ತದೆ. ಆ ಲೆಕ್ಕದಲ್ಲಿ ಅಪ್ಪ ಅಲ್ಲಿಗೆ ಒಂಬತ್ತೂವರೆಗೆ. ಮೊದಲ ಫುಲ್, ತಡವಾಗಬಹುದು, ಹತ್ತರ ತನಕ ಕದಲಬೇಡಿ. ನೀವು ಎಂಟೂವರೆಗೇ ಬನ್ನಿ. ಒಂಬತ್ತು ದಾಟುವಾಗ ಗಡಿಯಾರ ಹೊತ್ತ ಗಾಡಿಯ ಹಿಂದೆ ಗೆಲ್ಲಲಿಕ್ಕೆ ಓಡುವ ಇಥಿಯೋಪಿಯಾ, ಕೀನ್ಯಾದವರು ಬರ್ತಾರೆ. ಅವರು ಹೊರಡುವುದೇ ಏಳರ ಮೇಲೆ. 2020ರಲ್ಲಿ ಇಥಿಯೋಪಿಯಾದ ದೆರಾರಾ ಹುರಿಸಾ ನಮ್ಮೆದುರೇ ಹಾದುಹೋಗಿ 2 ಗಂಟೆ 8 ನಿಮಿಷ 9 ಸೆಕೆಂಡಿಗೆ ಗೆದ್ದರು. ಅವರ ಕಾಲಲ್ಲಿದ್ದದ್ದು ಕಡ ತಂದ ಬೂಟು ಅಂತ ಮರುದಿನ ಪೇಪರಿನಲ್ಲಿ ಓದಿದೆವು. ಆ ಓಟಗಾರ ತುಳಿದ ಏರನ್ನೇ ನಿಮ್ಮಪ್ಪ ತುಳಿಯುವುದು. ನಿಮ್ಮ ಮಗನಿಗೆ ಅದನ್ನು ಹೇಳಿ.

ಅಜ್ಜಿಗೆ ಈ ಜಾಗ ಬೇಡ, ಕೂರಲಿಕ್ಕೆ ಏನೂ ಇಲ್ಲ. ಅವರನ್ನು, ಅಮ್ಮನನ್ನು, ಮಗುವನ್ನು ಶಿವಾಜಿ ಪಾರ್ಕಿನಲ್ಲಿ ಕೂರಿಸಿ. ಚಿಕ್ಕಮ್ಮ ಜೊತೆಗಿದ್ದರೆ ಚಿಂತೆ ಇಲ್ಲ. ಮೈದಾನದ ಸುತ್ತ ಕುಳ್ಳ ಗೋಡೆ ಉಂಟು, ನಾವು ಕಟ್ಟೆ ಅನ್ನುವ ಹಾಗೆ ಮರಾಠಿಯವರು ಅದಕ್ಕೆ ಕಟ್ಟಾ ಅಂತ ಹೇಳುವುದು. ಸಂಜೆ ಹೊತ್ತು ಇಡೀ ದಾದರ್ ಅಲ್ಲಿ ಕೂತಿರ್ತದೆ. ಪಾರ್ಕಿನ ಪಶ್ಚಿಮಕ್ಕೆ ಕ್ಯಾಡೆಲ್ ರೋಡ್, ಈಗ ವೀರ ಸಾವರ್ಕರ್ ಮಾರ್ಗ, ಅದರ ಮೇಲೇ ಓಟ. ಮರದ ನೆರಳೂ ಉಂಟು. ದಾದರ್ ಪಶ್ಚಿಮದಿಂದ ಟ್ಯಾಕ್ಸಿ ಹಿಡಿದರೆ ಪಾರ್ಕಿನ ಹಿಂಬದಿ ತನಕ ಹೋಗ್ತದೆ, ಅಲ್ಲಿಂದ ಮೆಲ್ಲ ನಡೆಸಿಕೊಂಡು ಹೋಗಿ. ಅಪ್ಪ ಅಲ್ಲಿಗೆ ಬರುವುದು ಎಂಟೂಕಾಲರ ಆಚೀಚೆ, ಅರ್ಧ ದಾಟಿರ್ತಾರೆ, ಮುಖದಲ್ಲಿ ಇನ್ನೂ ನಗು ಇರ್ತದೆ. ಅಜ್ಜಿ ಮಗನನ್ನು ನೋಡಬೇಕಾದದ್ದು ಅಲ್ಲೇ.

ಇನ್ನು ಓಡುವವರಿಗೆ ಕೊಡುವ ಕಿತ್ತಳೆ. ನಾಗಪುರದ್ದು ಈಗ ಚೆನ್ನಾಗಿ ಬರ್ತಾ ಉಂಟು. ಸಿಪ್ಪೆ ತೆಗೆದು, ಬಿಳಿ ನಾರು ಬಿಡಿಸಿ, ಬೀಜ ತೆಗೆದು, ಎರಡೆರಡು ತೊಳೆ ಒಟ್ಟಿಗೆ ಇರುವ ಹಾಗೆ ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಅಂಗೈ ಚಾಚಿ ಅದರ ಮೇಲೆ ಇಟ್ಟುಕೊಳ್ಳಿ, ಅವರೇ ತಕ್ಕೊಂಡು ಹೋಗ್ತಾರೆ. ಸಿಪ್ಪೆ ಒಂದು ಚೂರೂ ರಸ್ತೆಗೆ ಬೀಳಬಾರದು, ಸುಸ್ತಾದ ಕಾಲು ಜಾರಿದರೆ ಮೂಳೆ ಮುರೀತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಉಳಿದಿರ್ತದೆ ಅಂತ ನಾನೊಂದು ವರ್ಷ ತಂದಿದ್ದೆ. ಒಣಗಿದ ಬಾಯಿಗೆ ಕೊಬ್ಬರಿ, ಕಡಲೆ ಇಳಿಯುವುದಿಲ್ಲ, ಒಬ್ಬರಿಗೆ ಕೆಮ್ಮು ಹತ್ತಿತು. ಅದು ಬೇಡ.

ನಾವು ಹಳದಿ ಕೊಡೆ ಹಿಡಿದು ನಿಂತಿರ್ತೇವೆ. ಹುಡುಕಿ ಬನ್ನಿ.

ಧಾರವಾಡ_ಓಟಗಾರ (2025 ಜನವರಿ 8)

ಅಕ್ಕಾರು ಹೇಳಿದ್ದು ಒಂದೊಂದು ಮಾತೂ ಖರೇ ಐತ್ರಿ. ನಾ ಮುಂಬೈ ಫುಲ್ ಮೂರು ಸಲ ಓಡೀನಿ. ಓಡೋರ ಕಡೆಯಿಂದ ನಾಕು ಮಾತು ಹೇಳ್ತೀನಿ.

ಪೆಡ್ಡರ್ ರೋಡಿನ್ಯಾಗ "ಇನ್ನೇನ್ ಬಂತು, ಇಷ್ಟ ಐತಿ" ಅಂತ ಮಾತ್ರ ಅನಬ್ಯಾಡ್ರಿ. ಇನ್ನೂ ಏಳು ಕಿಲೋಮೀಟರ್ ಇರ್ತೈತಿ, ಅಂದ್ರ ನಿಮ್ಮಪ್ಪಾರಿಗೆ ಒಂದು ತಾಸು. ಆ ಸುಳ್ಳು ಕೇಳಿದ್ರ ಎದಿ ಒಡೀತೈತಿ. ಖರೇ ಇದ್ದದ್ದು ಹೇಳ್ರಿ: "ಇದೊಂದು ಏರು, ಮುಂದ ಇಳಕಲು." ಕೆಂಪ್ಸ್ ಕಾರ್ನರ್ ದಾಟಿದ ಮ್ಯಾಲ ಬಾಬುಲನಾಥ, ಚೌಪಾಟಿ ತನಕ ಇಳಕಲೇ ಐತಿ. ಕಾಲು ಕೇಳೂದು ಅಂಥ ಮಾತನ್ನ.

ಓಡಿ ಹೋಗಿ ತಬ್ಬಿಕೊಳ್ಳೂದು, ಕೈ ಹಿಡಿದು ನಿಲ್ಲಿಸೂದು ಬ್ಯಾಡ. 30 ಕಿಲೋಮೀಟರ್ ದಾಟಿದ ಮ್ಯಾಲ ಒಮ್ಮಿ ನಿಂತರ ಕಾಲು ಕಟಿಗಿ ಆಗ್ತಾವು. ಶಿವಾಜಿ ಪಾರ್ಕಿನ್ಯಾಗ ಅಜ್ಜಿ ಕಾಲು ಮುಟ್ಟಾಕ ಬಗ್ಗಿದರ ಸ್ನಾಯು ಹಿಡೀತೈತಿ. ಆಶೀರ್ವಾದ ಹಿಂದಿನ ದಿನಾನ ಮಾಡಿಸಿಕೊಳ್ರಿ ಅಂತ ಹೇಳ್ರಿ.

ಸಕ್ಕರಿ ಕಾಯಿಲೆ ಐತಿ ಅಂದ್ರಿ. ದಾರಿಯೊಳಗ ಏನು ತಿನ್ನಬೇಕು, ಯಾವಾಗ ತಿನ್ನಬೇಕು ಅಂತ ಅವರು ಡಾಕ್ಟರ್ ಹತ್ರ ಕೇಳಿಕೊಂಡು ರೂಢಿ ಮಾಡಿಕೊಂಡಿರ್ತಾರ. ಅದನ್ನ ಈಗ ಕೇಳಿ ತಿಳ್ಕೊಂಡು, ಅದನ್ನ ಅಷ್ಟ ನಿಮ್ಮ ಕೈಯಾಗ ಇಟ್ಕೊಳ್ರಿ. ಬಾಕಿ ಎಲ್ಲಾ ಬ್ಯಾರೆಯವರಿಗೆ ಕೊಡ್ರಿ.

ಇನ್ನೊಂದು. ಸೀ ಲಿಂಕ್ 5.6 ಕಿಲೋಮೀಟರ್ ಐತಿ. ಬ್ಯಾರೆ ದಿನ ಅಲ್ಲಿ ಕಾಲ್ನಡಿಗಿಗೆ ಬಿಡಂಗಿಲ್ಲ, ಓಟದ ದಿನಾನೂ ನೋಡೋರಿಗೆ ಜಾಗ ಇಲ್ಲ. ಗಾಳಿ, ನೀರು, ಸಾವಿರ ಜೋಡಿ ಬೂಟಿನ ಸಪ್ಪಳ, ಅಷ್ಟ. ನಂದು ಮೊದಲ ವರ್ಷ ಆ ಮೌನದೊಳಗ "ನಾ ಯಾಕ ಬಂದೆ" ಅನಿಸಿಬಿಟ್ಟಿತ್ತು. ಅಲ್ಲಿಂದ ಇಳಿದು ಮಾಹಿಮ್‌ಗೆ ಬಂದ ಕೂಡಲೇ ಒಂದು ಸಣ್ಣ ಹುಡುಗಿ ಡಬ್ಬಿ ಬಡೀತಿದ್ಲು. ಬಿಬ್ ಓದಿ ನನ್ನ ಹೆಸರು ಅರ್ಧಂಬರ್ಧ ತಪ್ಪು ಕರದ್ಲು. ಆ ಮಗೀನ ದನಿ ಇವತ್ತಿಗೂ ಕಿವ್ಯಾಗ ಐತ್ರಿ. ನಿಮ್ಮ ಮಗನ ಕೈಯಾಗ ಒಂದು ತಾಟು, ಒಂದು ಚಮಚ ಕೊಡ್ರಿ. ಅಜ್ಜ ಮುಂದ ಓಡಿಹೋದ ಮ್ಯಾಲೂ ಬಡಿಲಿ, ಹಿಂದ ಬರೋರಿಗೆ ಯಾರೂ ಇರಂಗಿಲ್ಲ.

ಡೊಂಬಿವಲಿ_ಈಸ್ಟ್ (2025 ಜನವರಿ 8)

ಟ್ರೈನಿನ ಬಗ್ಗೆ ಎರಡು ಮಾತು. ಓಟದ ದಿನ ಓಟಗಾರರಿಗೆ ಅಂತ ಸೆಂಟ್ರಲ್, ವೆಸ್ಟರ್ನ್ ಎರಡೂ ಕಡೆ ನಸುಕಿಗೇ ವಿಶೇಷ ಲೋಕಲ್ ಬಿಡ್ತಾರೆ. ಸಮಯ ಎರಡು ದಿನ ಮುಂಚೆ ಪೇಪರಲ್ಲಿ ಬರುತ್ತೆ, ಅಪ್ಪನಿಗೆ ತೋರಿಸಿ. ನೀವು ಆರರ ಸುಮಾರಿಗೆ ದಾದರ್‌ಗೆ ಫಾಸ್ಟ್ ಹಿಡೀರಿ. ಅಜ್ಜಿ ಇದ್ದಾರೆ, ಭಾನುವಾರ ಆ ಹೊತ್ತಿಗೆ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಗುತ್ತೆ.

ವಾಪಸ್ ಬರುವಾಗ ಎಚ್ಚರ. ಭಾನುವಾರ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಯ ತಡೆ, ಇದ್ದರೆ ಹನ್ನೊಂದರ ಆಚೀಚೆ ಶುರುವಾಗಿ ಮಧ್ಯಾಹ್ನ ನಾಲ್ಕರ ತನಕ ಗಾಡಿಗಳು ತಡ. ಆ ಹೊತ್ತನ್ನು ಮಾಟುಂಗಾದಲ್ಲಿ ಕಳೆಯಿರಿ. ಸ್ಟೇಷನ್ ಪಕ್ಕದಲ್ಲೇ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರಿಂದ ಇರೋದು. ಬಾಳೆ ಎಲೆ ಊಟ, ಸಾರು, ಮಜ್ಜಿಗೆ. 42 ಕಿಲೋಮೀಟರ್ ಓಡಿದವರಿಗೆ ಅನ್ನ ಸಾರಿಗಿಂತ ಬೇರೆ ಏನು ಬೇಕು? ಆದರೆ ಮಹಡಿ ಹತ್ತಬೇಕು. ಅಪ್ಪನ ಕಾಲು ಒಪ್ಪುತ್ತಾ ಕೇಳಿ ಹೋಗಿ.

ತೀರ್ಥಹಳ್ಳಿ_ಮಗಳು (2025 ಜನವರಿ 20)

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯೇ ಬರೀಬೇಕು ಅಂತಿದ್ದೆ, ಮಗನ ಜೊತೆ ನಾನೂ ಮಲಗಿಬಿಟ್ಟೆ.

ಅಪ್ಪ ಮುಗಿಸಿದರು. 5 ಗಂಟೆ 34 ನಿಮಿಷ.

ಶಿವಾಜಿ ಪಾರ್ಕಿನ ಕಥೆ ಅಮ್ಮ ಹೇಳಿದ್ದು. ಅಜ್ಜಿ ಏಳೂಕಾಲಿಗೇ ಕಟ್ಟೆ ಮೇಲೆ ಶಾಲು ಹಾಸ್ಕೊಂಡು ಕೂತರಂತೆ. ಹೋಗೋರಿಗೆಲ್ಲ ಕೈ ಮುಗೀತಿದ್ರಂತೆ. ಚಪ್ಪಾಳೆ ತಟ್ಟಿ ಅಂದ್ರೆ, "ಇಷ್ಟು ಕಷ್ಟ ಪಡೋರಿಗೆ ಚಪ್ಪಾಳೆ ಹೊಡೀತಾರೇನೇ" ಅಂತ ಮತ್ತೆ ಕೈಯೇ ಮುಗಿದರಂತೆ. ಓಡೋರೂ ತಿರುಗಿ ಕೈ ಮುಗಿದು ಹೋಗ್ತಿದ್ರು. ಎಂಟೂ ಇಪ್ಪತ್ತಕ್ಕೆ ಅಪ್ಪ ಬಂದರು. ಬಗ್ಗಬೇಡಿ ಅಂತ ನಾನು ಮೊದಲೇ ಹೇಳಿದ್ದಕ್ಕೆ ಕೈ ಮಾತ್ರ ಎತ್ತಿದರು. ಅಜ್ಜಿ ಕೋಲು ಎತ್ತಿ "ಪುಟ್ಟಾ, ನೀರು ಕುಡಿಯೋ" ಅಂತ ಕೂಗಿದರು. 58 ವರ್ಷದ ಮೇಷ್ಟ್ರು ಆ ಜನರ ನಡುವೆ "ಹ್ಞೂಂ ಅಮ್ಮಾ" ಅಂದ್ರಂತೆ. ಮಗ ಅಲ್ಲಿ ಹತ್ತರ ತನಕ ತಟ್ಟೆ ಬಡಿದಿದ್ದಾನೆ. ಚಮಚ ಡೊಂಕಾಗಿದೆ.

ನಾನು ಎಂಟೂವರೆಗೆ ಪೆಡ್ಡರ್ ರೋಡಲ್ಲಿದ್ದೆ. ಹಳದಿ ಕೊಡೆ ದೂರದಿಂದಲೇ ಕಾಣಿಸ್ತು. ಅಕ್ಕ ನನ್ನ ಅಂಗೈ ಬಿಡಿಸಿ ಹೇಗೆ ಹಿಡೀಬೇಕು ಅಂತ ತೋರಿಸಿದರು. ಒಂದೂಕಾಲು ಗಂಟೆಯಲ್ಲಿ ನಾನು ಎಷ್ಟು ಜನರ ಹೆಸರು ಕರೆದೆನೋ ಲೆಕ್ಕ ಇಲ್ಲ, ಅಪ್ಪ ಬರೋ ಹೊತ್ತಿಗೆ ಗಂಟಲು ಕಟ್ಟಿತ್ತು.

ಒಂಬತ್ತು ನಲವತ್ತೆಂಟಕ್ಕೆ ಬಂದರು. ನಡೀತಿದ್ದರು. ನಾನು "ಅಪ್ಪಾ" ಅಂದೆ, ದನಿ ಹೊರಡಲಿಲ್ಲ. ಅವರು ನನ್ನನ್ನ ನೋಡದೆ ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟರು. ಆಗ ಅಕ್ಕನ ಯಜಮಾನರು ಬಿಬ್ ಓದಿ ಗಟ್ಟಿಯಾಗಿ ಹೆಸರು ಕರೆದು, "ಮೇಷ್ಟ್ರೇ, ಮಗಳು ಇಲ್ಲಿದ್ದಾಳೆ" ಅಂದರು. ಅಪ್ಪ ತಲೆ ಎತ್ತಿ ತಿರುಗಿದರು. ಕೆನ್ನೆ ಮೇಲೆ ಅಕ್ಕ ಬರೆದ ಹಾಗೇ ಬಿಳಿ ಗೆರೆ. ನಾನು ಪಕ್ಕದಲ್ಲೇ ನಡೀತಾ ಅವರು ಹೇಳಿದ್ದ ಎರಡು ಖರ್ಜೂರ ಕೊಟ್ಟು, "ಇದೊಂದು ಏರು ಅಪ್ಪ, ಮುಂದೆ ಇಳಿಜಾರು" ಅಂದೆ. "ಗೊತ್ತು, ಬೆಳಿಗ್ಗೆ ಹತ್ತಿದೀನಲ್ಲ" ಅಂದರು. ಜಸ್‌ಲೋಕ್ ಕಾಣೋ ಕಡೆ ಓಡೋಕೆ ಶುರು ಮಾಡಿದರು. ಬೆನ್ನು ಕಾಣೋ ತನಕ ಓಡ್ತಾನೇ ಇದ್ದರು.

ಆಮೇಲೆ ನಾನು ಅಲ್ಲೇ ಫುಟ್‌ಪಾತಲ್ಲಿ ಕೂತು ಅತ್ತುಬಿಟ್ಟೆ. ಅಕ್ಕ ಕಿತ್ತಳೆ ಕೊಟ್ಟು, "ಹಿಂದೆ ಇನ್ನೂ ಜನ ಇದ್ದಾರೆ, ಏಳಿ" ಅಂದರು. ಹತ್ತೂಮುಕ್ಕಾಲರ ತನಕ ನಿಂತೆವು.

ರಾಮ ನಾಯಕರ ಮಹಡಿಯನ್ನ ಅಪ್ಪ ಕಟಾಂಜನ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಮುಂದೆ ಅಜ್ಜಿ ಕೋಲು ಊರಿಕೊಂಡು ಹತ್ತಿ, ಮೇಲೆ ನಿಂತು ಕಾಯ್ತಿದ್ರು.

ಅಕ್ಕಾ, ನಿಮ್ಮ ಸ್ಟೀಲ್ ಡಬ್ಬಿ ನನ್ನ ಚೀಲದಲ್ಲೇ ಉಳಿದಿದೆ. ನಾಳೆ ಬೆಳಿಗ್ಗೆ ದಾದರ್‌ನಿಂದ ನಮ್ಮ ಟ್ರೈನು. ಯಾರ ಹತ್ರ ಕಳಿಸ್ಲಿ ಹೇಳಿ.

ಮಾಟುಂಗಾದ_ಅಕ್ಕ (2025 ಜನವರಿ 20)

ನಾವೇ ದಾದರ್ ಸ್ಟೇಷನ್ನಿಗೆ ಬರ್ತೇವೆ. ಗಾಡಿ ಎಷ್ಟು ಗಂಟೆಗೆ, ಯಾವ ಬೋಗಿ, ಬರೆಯಿರಿ. ನನಗೆ ಅಜ್ಜಿಯನ್ನು ನೋಡಬೇಕು.